ಖಾಲಿಯಾದರೆ ತಾನೇ ಮಡಚಿಕೊಳ್ಳುವ ಸ್ಟ್ಯಾಂಡು

ಸುಮ್ಮನೆ ನಿಂತಿರುವ ವಸ್ತುಗಳನ್ನು ಕಂಡರೆ ನನಗೆ ಆಗದು. ಕುರ್ಚಿಯಾಗಲಿ ಮೇಜಾಗಲಿ, ಕೆಲಸ ಮುಗಿದ ಮೇಲೂ ಕಾಲು ಚಾಚಿಕೊಂಡು ಜಾಗ ತಿನ್ನುವುದು ನನ್ನ ಪಾಲಿಗೆ ಶುದ್ಧ ಸೋಮಾರಿತನ. ಆದ್ದರಿಂದ ಮಡಚಲು ಬಾರದ ಒಂದೇ ಒಂದು ಸಾಮಾನನ್ನೂ ಈ ಭೂಮಿಯ ಮೇಲೆ ಉಳಿಸುವುದಿಲ್ಲ ಎಂದು ನಾನು ಶಪಥ ಮಾಡಿದ್ದೆ! ನನ್ನ ವೃತ್ತಿಯೂ ಅದೇ. ಅಂಗಡಿಗಳ ಗಾಜಿನ ಕಿಟಕಿಯಲ್ಲಿ ಸಾಮಾನು ಜೋಡಿಸಿಡುವ ಸ್ಟ್ಯಾಂಡುಗಳನ್ನು, ಬೇಕಾದಾಗ ಬಿಚ್ಚಿ ಬೇಡವಾದಾಗ ಮಡಚಿಡುವಂತೆ ವಿನ್ಯಾಸ ಮಾಡಿಕೊಡುತ್ತೇನೆ.

ನನ್ನ ಪ್ರತಿಭೆಗೆ ಮನೆಯಲ್ಲಿ ಬೇಕಾದಷ್ಟು ಸಾಕ್ಷಿಗಳಿವೆ. ನಾನು ಮಾಡಿದ ಊಟದ ಮೇಜು ಒಮ್ಮೆ ಊಟದ ನಡುವೆಯೇ ಮಡಚಿಕೊಂಡು, ನಾಲ್ವರ ಊಟವನ್ನೂ ನನ್ನೊಬ್ಬನ ಮಡಿಲಿಗೆ ಬಡಿಸಿತು. ಸ್ಟೂಲು ನಮ್ಮ ಅತ್ತೆಯವರನ್ನು ಕೂರಿಸಿಕೊಂಡೇ ಮಡಚಿಕೊಂಡಿತು. ಅಂದಿನಿಂದ ಅತ್ತೆ ನಮ್ಮ ಮನೆಗೆ ಬಂದರೆ ಎಲ್ಲಿಯೂ ಥಟ್ಟನೆ ಕೂರುವುದಿಲ್ಲ. "ಇದು ಅಳಿಯಂದ್ರು ಮಾಡಿದ್ದೋ, ಅಂಗಡಿಯಿಂದ ತಂದಿದ್ದೋ?" ಎಂದು ಮೊದಲು ವಿಚಾರಿಸುತ್ತಾರೆ.

ಹೀಗಿರುವಾಗ ನನ್ನ ಹೆಂಡತಿ ಅಂಗಡಿ ತೆರೆಯುವುದೆಂದು ತೀರ್ಮಾನಿಸಿದಳು. ಅವಳು ಮಣ್ಣಿನ ಪಾತ್ರೆ ಮಾಡುವವಳು. ಇಷ್ಟು ದಿನ ಮನೆಯ ಹಿತ್ತಲಲ್ಲೇ ಚಕ್ರ ತಿರುಗಿಸಿ, ಭಟ್ಟಿಯಲ್ಲಿ ಸುಟ್ಟು, ಬೇರೆಯವರ ಅಂಗಡಿಗೆ ಕೊಟ್ಟು ಬರುತ್ತಿದ್ದಳು. ಈಗ ಅವಳದೇ ಒಂದು ಚಿಕ್ಕ ಅಂಗಡಿ, ಬೀದಿಗೆ ಮುಖ ಮಾಡಿದ ಒಂದೇ ಒಂದು ಗಾಜಿನ ಕಿಟಕಿ. ಆ ಕಿಟಕಿಗೆ ಸ್ಟ್ಯಾಂಡು ಬೇಕಿತ್ತು.

"ರೀ, ಮಾಮೂಲಿ ಸ್ಟ್ಯಾಂಡು ಸಾಕು. ಒಂದು ಚಿಲಕ ಇಡಿ. ಮಡಚಬೇಕಾದಾಗ ನಾನೇ ತೆಗೀತೀನಿ," ಎಂದಳು.

"ಚಿಲಕ ಇಟ್ಟರೆ ಅದು ಬಾಗಿಲು. ನಾನು ಮಾಡೋದು ವಿನ್ಯಾಸ."

"ಬಾಗಿಲು ಯಾವತ್ತೂ ಊಟದ ಮಧ್ಯೆ ಬೀಳಲಿಲ್ಲ."

ಇಂಥ ಮಾತನ್ನು ಕಿವಿಗೆ ಹಾಕಿಕೊಂಡರೆ ಪ್ರತಿಭೆ ಬೆಳೆಯುವುದಿಲ್ಲ. ನಾನು ಮಾಡಿದ್ದು ಮೆಟ್ಟಿಲಿನಂತೆ ಒಂದರ ಹಿಂದೆ ಒಂದು ಏರುವ ನಾಲ್ಕು ಹಲಗೆಗಳ ಸ್ಟ್ಯಾಂಡು. ಚಿಲಕವಿಲ್ಲ, ತಿರುಪಿಲ್ಲ. ಎಲ್ಲಕ್ಕಿಂತ ಕೆಳಗಿನ ಹಲಗೆಯ ಅಡಿಯಲ್ಲಿ ಒಂದು ಸ್ಪ್ರಿಂಗು, ಪಕ್ಕದಲ್ಲಿ ಒಂದು ಕೊಂಡಿ. ಕೆಳಗಿನ ಹಲಗೆಯ ಮೇಲೆ ಭಾರ ಇರುವಷ್ಟು ಹೊತ್ತು ಕೊಂಡಿ ಬಿಗಿಯಾಗಿ ಹಿಡಿದಿರುತ್ತದೆ. ಭಾರ ಹೋದರೆ ಸ್ಪ್ರಿಂಗು ಹಲಗೆಯನ್ನು ಮೇಲೆತ್ತಿ ಕೊಂಡಿ ಬಿಡಿಸುತ್ತದೆ, ಇಡೀ ಸ್ಟ್ಯಾಂಡು ತಾನಾಗಿ ನೆಲಕ್ಕೆ ಮಲಗಿಬಿಡುತ್ತದೆ. ಸಂಜೆ ಸಾಮಾನೆಲ್ಲ ತೆಗೆದಿಟ್ಟರೆ ಸಾಕು, ಬೆರಳು ಸೋಕಿಸುವ ಕೆಲಸವಿಲ್ಲ.

"ಮೇಲೆ ಸಾಮಾನು ಇರೋವಾಗಲೇ ಕೆಳಗಿನದು ಖಾಲಿಯಾದ್ರೆ?" ಎಂದು ಯಾರಾದರೂ ಕೇಳಬಹುದಿತ್ತು. ಯಾರೂ ಕೇಳಲಿಲ್ಲ, ಏಕೆಂದರೆ ಕೊಂಡಿಯ ರಹಸ್ಯವನ್ನು ನಾನು ಯಾರಿಗೂ ಹೇಳಲಿಲ್ಲ. ನನ್ನೊಳಗೆ ಮಾತ್ರ ಅದಕ್ಕೆ ಉತ್ತರ ಸಿದ್ಧವಿತ್ತು. ನನ್ನ ಹೆಂಡತಿ ಅಡುಗೆಮನೆಯ ಶೆಲ್ಫು ಒರೆಸುವಾಗ ಯಾವಾಗಲೂ ಮೇಲಿನ ಸಾಲಿನಿಂದಲೇ ಪಾತ್ರೆ ಇಳಿಸುತ್ತಾಳೆ. ಮೇಲಿನ ಧೂಳು ಕೆಳಗೆ ಬೀಳುತ್ತದೆ, ಆದ್ದರಿಂದ ಕೆಳಗಿನದು ಕೊನೆಗೆ ಎಂಬುದು ಅವಳ ನಿಯಮ. ಮದುವೆಯಾದಾಗಿನಿಂದ ನೋಡುತ್ತಿದ್ದೇನೆ, ಒಮ್ಮೆಯೂ ತಪ್ಪಿಲ್ಲ. ಮನುಷ್ಯಕುಲವೆಲ್ಲ ಮೇಲಿನಿಂದಲೇ ಖಾಲಿ ಮಾಡುತ್ತದೆ ಎಂದು ನಾನು ಅಲ್ಲಿಂದ ಸಿದ್ಧಾಂತ ಕಟ್ಟಿದೆ. ಅವಳಿಗೆ ಮಾತ್ರ, "ಒಂದೇ ಮಾತು ನೆನಪಿಟ್ಟುಕೋ, ಖಾಲಿ ಮಾಡೋವಾಗ ಯಾವಾಗಲೂ ಮೇಲಿನಿಂದ. ಕೆಳಗಿನ ಹಲಗೆಯ ಸರದಿ ಕೊನೆಗೆ," ಎಂದು ಗಂಭೀರವಾಗಿ ಹೇಳಿದ್ದೆ. ಅವಳು, "ಅದನ್ನು ನನಗೆ ಹೇಳಿಕೊಡ್ಬೇಕಾ?" ಎಂದಿದ್ದಳು.

ಅಂಗಡಿ ತೆರೆಯುವ ದಿನ ಬಂತು. ಎಲ್ಲಕ್ಕಿಂತ ಮೇಲಿನ ಹಲಗೆಯ ನಡುವೆ ಒಂದು ನೀಲಿ ಹೂಜಿ ಕೂತಿತು. ಆ ಹೂಜಿಯ ಬಗ್ಗೆ ಹೇಳಲೇಬೇಕು. ಉದ್ದ ಕತ್ತು, ಕಿವಿಯಂಥ ತೆಳ್ಳಗಿನ ಹಿಡಿಕೆ, ಮಳೆ ನಿಂತ ಮೇಲಿನ ಆಕಾಶದ ಬಣ್ಣ. ಇದಕ್ಕೆ ಮುಂಚೆ ಮಾಡಿದ ಎರಡು ಹೂಜಿಗಳೂ ಭಟ್ಟಿಯಲ್ಲೇ ಸೀಳಿಹೋಗಿದ್ದವು. ಆಗ ಅವಳು ಅಳಲಿಲ್ಲ, ಯಾರನ್ನೂ ಬೈಯಲಿಲ್ಲ. ಚೂರುಗಳನ್ನು ಒಂದೊಂದಾಗಿ ಬುಟ್ಟಿಗೆ ಹಾಕಿ ಮತ್ತೆ ಮಣ್ಣು ಕಲೆಸಲು ಕೂತಿದ್ದಳು. ಮೂರನೆಯದು ಇಡಿಯಾಗಿ ಹೊರಬಂದಾಗ ಅದನ್ನು ಮಗುವಿನಂತೆ ಎತ್ತಿಕೊಂಡು ಮನೆಯೆಲ್ಲ ಸುತ್ತಿದ್ದಳು. ಕಲಾ ಪ್ರದರ್ಶನ ನಡೆಸುವ ಮೇಡಂ ಒಬ್ಬರು ಅದನ್ನು ನೋಡಲು ಅಂದು ಬರುವವರಿದ್ದರು. ಮೆಚ್ಚಿಕೊಂಡರೆ ಹೂಜಿ ಪ್ರದರ್ಶನಕ್ಕೆ ಹೋಗುತ್ತಿತ್ತು, ಅದರ ಜೊತೆಗೆ ನನ್ನ ಹೆಂಡತಿಯ ಹೆಸರೂ.

"ಅವರು ಬಂದು ನೋಡೋವರೆಗೂ ಹೂಜಿ ಅಲ್ಲಿಂದ ಕದಲಬಾರದು," ಎಂದಳು. ನಂತರ ನನ್ನ ಮುಖ ನೋಡಿ ದನಿ ತಗ್ಗಿಸಿದಳು. "ರೀ, ಇದು ನಿಲ್ಲುತ್ತೆ ತಾನೇ?"

"ಬಂಡೆ ಇದ್ದ ಹಾಗೆ ನಿಲ್ಲುತ್ತೆ."

"ಮೇಜಿಗೂ ಬಂಡೆ ಅಂದಿದ್ರಿ."

ಆಮೇಲೆ ಅವಳು ಚಿಕ್ಕ ಸಾಮಾನುಗಳನ್ನು ಕೆಳಗಿನ ಹಲಗೆಯ ಮೇಲೆ ಜೋಡಿಸಿದಳು. ಆನೆ ಕಿವಿಯಂಥ ಹಿಡಿಕೆಯ ಲೋಟ, ಬೆಕ್ಕಿನ ಬಾಲದ ಹಿಡಿಕೆಯ ಬಟ್ಟಲು, ಅಂಗೈಯಗಲದ ತಟ್ಟೆಗಳು. "ಮಕ್ಕಳ ಕೈಗೆ ಸಿಗೋ ಹಾಗಿರಲಿ," ಎಂದಳು. ನನ್ನ ತಪ್ಪು ನನಗೆ ಹೊಳೆದದ್ದು ಆಗಲೇ. ನನ್ನ ಸಿದ್ಧಾಂತದಲ್ಲಿ ಪಾತ್ರೆ ಒರೆಸುವವರಿದ್ದರು, ಕೊಳ್ಳುವವರು ಇರಲೇ ಇಲ್ಲ!

ಮೊದಲ ಗಿರಾಕಿ ಒಬ್ಬ ನಿವೃತ್ತ ಮೇಷ್ಟ್ರು. ಬಂದವರೇ ಬಗ್ಗಿ ಆನೆ ಕಿವಿಯ ಲೋಟ ಎತ್ತಿಕೊಂಡರು. ಹಲಗೆಯ ಅಡಿಯಿಂದ "ಕಿರ್" ಎಂದಿತು. ಬೇರೆ ಯಾರಿಗೂ ಕೇಳಿಸಲಿಲ್ಲ. ನನಗೆ ಮಾತ್ರ ಅದು ಊರೆಲ್ಲ ಕೇಳಿಸುವಂತೆ ಕೇಳಿಸಿತು.

"ಸಾರ್, ಮೇಲಿನ ಸಾಲು ನೋಡಿ. ದೊಡ್ಡ ದೊಡ್ಡ ಕೂಜೆಗಳಿವೆ," ಎಂದೆ.

"ನನಗೆ ಲೋಟ ಬೇಕಪ್ಪ. ಕೂಜೆಯಲ್ಲಿ ಚಹಾ ಕುಡೀಲಾ?"

"ಅಭ್ಯಾಸ ಮಾಡಿಕೊಂಡ್ರೆ ಆಗುತ್ತೆ ಸಾರ್."

ಮೇಷ್ಟ್ರು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು. ಹಿಂದಿನಿಂದ ಹೆಂಡತಿಯೂ ನೋಡಿದಳು. ಲೋಟ ಮಾರಾಟವಾಯಿತು. ಅವರ ಹಿಂದೆಯೇ ಬಂದ ಹೆಂಗಸು ಬೆಕ್ಕಿನ ಬಟ್ಟಲು ತೆಗೆದುಕೊಂಡಳು. ಕಿರ್. ಇನ್ನೊಬ್ಬರು ಎರಡು ತಟ್ಟೆ ಎತ್ತಿಕೊಂಡರು. ಕಿರ್ ಕಿರ್. ವ್ಯಾಪಾರ ಹೆಚ್ಚಿದಷ್ಟೂ ಅವಳ ಮುಖ ಅರಳುತ್ತಿತ್ತು, ನನ್ನದು ಬಾಡುತ್ತಿತ್ತು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಈ ಕಥೆಯಲ್ಲಿ ಇಲಿಬೋನು ಮಾಡಿದ್ದೂ ಇಲಿಯೇ.

ಮೆಲ್ಲನೆ ನನ್ನ ಊಟದ ಡಬ್ಬಿಯನ್ನು ಕೆಳಗಿನ ಹಲಗೆಯ ಮೂಲೆಗೆ ಸರಿಸಿದೆ. ಕಿರ್ ನಿಂತಿತು, ಉಸಿರು ಬಂತು. ಹೆಂಡತಿ ಬಂದು ಡಬ್ಬಿ ತೆಗೆದಳು.

"ಇದೇನ್ರೀ, ನನ್ನ ಪಾತ್ರೆಗಳ ಮಧ್ಯೆ ನಿಮ್ಮ ತಗಡು?"

"ಪಕ್ಕದಲ್ಲಿ ತಗಡಿದ್ದರೆ ನಿನ್ನ ಮಣ್ಣು ಎದ್ದು ಕಾಣುತ್ತೆ ಅಂತ."

ಮುಂದೆ ಅತ್ತೆಯವರ ಕೈಚೀಲ. ಅದರೊಳಗೆ ಏನಿದೆಯೋ ದೇವರೇ ಬಲ್ಲ, ಕಲ್ಲಿನಷ್ಟು ಭಾರ. ಅಂಗಡಿ ನೋಡಲು ಬಂದಿದ್ದ ಅತ್ತೆ ಮೂಲೆಯಲ್ಲಿ ಕಣ್ಣು ಮುಚ್ಚಿ ಕೂತಿದ್ದಾರೆಂದು ಅದನ್ನು ಎತ್ತಿ ತಂದು ಇಟ್ಟೆ. "ಅಳಿಯಂದ್ರೇ, ನನ್ನ ಚೀಲ ಮಾರಾಟಕ್ಕಿಟ್ಟಿದ್ದೀರಾ?" ಎಂದು ಮೂಲೆಯಿಂದ ಪ್ರಶ್ನೆ ಬಂತು. ಚೀಲವೂ ಹೋಯಿತು.

ಬಾಯಿಬಿಟ್ಟು ನಿಜ ಹೇಳಬಹುದಿತ್ತು. ಎರಡು ಸಲ ಅವಳ ಹತ್ತಿರದವರೆಗೂ ಹೋದೆ. ಪ್ರತಿ ಸಲವೂ ಅವಳು, "ಎಲ್ಲರೂ ಸ್ಟ್ಯಾಂಡು ಚೆನ್ನಾಗಿದೆ ಅಂತಿದ್ದಾರೆ ರೀ," ಎಂದು ನಗುತ್ತಿದ್ದಳು. ನನ್ನ ಕೆಲಸವನ್ನು ಅವಳು ಹೊಗಳಿದ್ದು ಅದೇ ಮೊದಲು. ಬಾಯಿಗೆ ಬಂದ ನಿಜವನ್ನು ನುಂಗಿಕೊಂಡು ವಾಪಸು ಬಂದೆ.

ಕೆಳಗಿನ ಹಲಗೆಯಲ್ಲಿ ಕೊನೆಗೆ ಉಳಿದದ್ದು ಒಂದು ದಪ್ಪನೆಯ ಬಟ್ಟಲು ಮಾತ್ರ. ಆಗ ಒಳಗೆ ಬಂದವಳು ಒಬ್ಬ ತಾಯಿ, ಜೊತೆಯಲ್ಲಿ ಪುಟ್ಟ ಮಗಳು. ಆ ಮಗು ಅಂಗಡಿಯನ್ನೆಲ್ಲ ಒಂದು ಸುತ್ತು ನೋಡಿ, ನೇರವಾಗಿ ಆ ಬಟ್ಟಲಿಗೇ ಕೈ ಹಾಕಿತು.

"ಬೇಡ ಪುಟ್ಟಿ, ಅದು ಬೇಡ," ಎಂದೆ.

"ಯಾಕೆ?"

"ಅದಕ್ಕೆ ಇಲ್ಲೇ ಇರೋಕೆ ಇಷ್ಟ."

"ಇಲ್ಲ, ನನ್ನ ಜೊತೆ ಬರುತ್ತೆ," ಎಂದು ಮಗು ಬಟ್ಟಲು ಎತ್ತಿಯೇ ಬಿಟ್ಟಿತು.

ಕಿರ್ರ್ ಎಂದು ಹಲಗೆ ಮೇಲೇಳತೊಡಗಿತು. ಮೇಲಿನ ಹೂಜಿ ಸಣ್ಣಗೆ ನಡುಗಿದ್ದನ್ನು ನಾನು ಕಣ್ಣಾರೆ ಕಂಡೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುತ್ತಾರೆ. ಆ ದೊಣ್ಣೆಗೆ ಕೈಕಾಲು ಬಂದು ಅವಳ ಗಂಡನೆಂದು ಓಡಾಡುತ್ತಿದೆ ಎಂದು ಆ ಕ್ಷಣ ತಿಳಿಯಿತು. ಯೋಚಿಸುವಷ್ಟು ಸಮಯವಿರಲಿಲ್ಲ. ಕಿಟಕಿಯೊಳಗೆ ನುಗ್ಗಿ, ಬೀದಿಗೆ ಮುಖ ಮಾಡಿ, ಕೆಳಗಿನ ಹಲಗೆಯ ಮೇಲೆ ಧೊಪ್ಪೆಂದು ಕೂತುಬಿಟ್ಟೆ.

ಕೊಂಡಿ ಟಕ್ ಎಂದು ಕಚ್ಚಿಕೊಂಡಿತು. ಹೂಜಿ ನಿಂತಿತು.

ಗಾಜಿನಾಚೆ ಹೋಗುತ್ತಿದ್ದವರೂ ನಿಂತರು. ಮೊದಲು ಇಬ್ಬರು, ನೋಡನೋಡುತ್ತಾ ಒಂದು ಗುಂಪು. ಗಾಜಿಗೆ ಮೂಗು ಒತ್ತಿ ನೋಡಿದವರಲ್ಲಿ ಒಬ್ಬ, "ಗೊಂಬೆ ಕಣೋ, ಎಷ್ಟು ಚೆನ್ನಾಗಿ ಮಾಡಿದ್ದಾರೆ ನೋಡು," ಎಂದ. ಪಕ್ಕದವನು, "ಇಲ್ಲ, ಬೆವರ್ತಾ ಇದೆ," ಎಂದ.

ಆ ಗುಂಪನ್ನು ಸರಿಸಿಕೊಂಡು ಪ್ರದರ್ಶನದ ಮೇಡಂ ಒಳಗೆ ಬಂದರು. ಹೆಂಡತಿ ಗಡಿಬಿಡಿಯಿಂದ ಎದುರುಹೋದಳು. ಮೇಡಂ ಕಿಟಕಿಯ ಹತ್ತಿರ ಬಂದು ಹೂಜಿಯನ್ನು ನೋಡಿದರು, ಅದರ ಕೆಳಗೆ ನನ್ನನ್ನು ನೋಡಿದರು.

"ನೀವು ಹತ್ತಿರದಲ್ಲೇ ಇದ್ದೀರಲ್ಲ, ಆ ಹೂಜಿ ಸ್ವಲ್ಪ ಇಳಿಸಿಕೊಡ್ತೀರಾ?"

"ಆಗಲ್ಲ ಮೇಡಂ."

"ರೀ, ಎದ್ದು ಕೊಡಿ," ಹೆಂಡತಿಯ ಹಲ್ಲಿನ ಸಂದಿಯಿಂದ ಬಂತು.

"ಏಳೋ ಹಾಗಿಲ್ಲ ಕಣೇ."

"ಯಾಕೆ, ಕಾಲು ಹಿಡ್ಕೊಂಡಿದೆಯಾ?"

"ನಾನು ಎದ್ರೆ ಇದು ಮಲಗುತ್ತೆ."

ತಲೆ ಬಗ್ಗಿಸಿಕೊಂಡು ಸ್ಪ್ರಿಂಗು, ಕೊಂಡಿ, ಸಿದ್ಧಾಂತ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಒಪ್ಪಿಸಿದೆ. ಹಿಂದೆ ಚೂರುಗಳನ್ನು ಬುಟ್ಟಿಗೆ ಹಾಕುವಾಗ ಇದ್ದ ಮುಖವೇ ಈಗಲೂ ಅವಳದು. ನನಗೆ ನಿಜವಾಗಿ ಹೆದರಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ನಾಚಿಕೆಯಾಯಿತು.

ಅವಳು ಪಕ್ಕದಿಂದ ಒಳಗೆ ಬಂದು, ತುದಿಗಾಲಲ್ಲಿ ನಿಂತು, ನನ್ನ ತಲೆಯ ಮೇಲಿನಿಂದ ಎರಡೂ ಕೈ ಚಾಚಿದಳು. ಅವಳ ಮೊಣಕೈ ನನ್ನ ಕಿವಿಗೆ ತಾಗುತ್ತಿತ್ತು. ನನ್ನ ಮೂಗಿನೊಳಗೆ ಸೀನೊಂದು ಹೊರಡಲು ಸಿದ್ಧವಾಗಿ ನಿಂತಿತ್ತು. ಹಲ್ಲು ಕಚ್ಚಿ ಹಿಡಿದೆ. ಹಲಗೆ ಒಮ್ಮೆ "ಕಿರ್" ಎಂದಿತು. "ಉಸಿರಾಡಬೇಡಿ," ಎಂದಳು. ಆಡಲಿಲ್ಲ. ಹೂಜಿ ಹಲಗೆ ಬಿಟ್ಟು ಮೇಲೆದ್ದಿತು, ನನ್ನ ತಲೆ ದಾಟಿತು, ಅವಳ ಎದೆಗೆ ಬಂದು ಸೇರಿತು. ಆಮೇಲೆ ನಾನು ಸೀನಿದ ಸೀನಿಗೆ ಗಾಜಿನಾಚೆ ಇದ್ದವರೆಲ್ಲ ಒಂದು ಹೆಜ್ಜೆ ಹಿಂದೆ ಸರಿದರು.

ಮೇಡಂ ಹೂಜಿಯನ್ನು ತಿರುಗಿಸಿ ನೋಡಿದರು, ಹಿಡಿಕೆಯ ಮೇಲೆ ಬೆರಳಾಡಿಸಿದರು. ಕೊನೆಗೆ, "ಇದು ನಮ್ಮ ಪ್ರದರ್ಶನದ ಮಧ್ಯದಲ್ಲಿ ಇರಬೇಕು," ಎಂದರು. ಹೆಂಡತಿಯ ಕಣ್ಣು ತುಂಬಿ ಬಂತು. ನನ್ನದೂ. ನಾನು ಅದರ ತಪ್ಪನ್ನು ಸೀನಿನ ಮೇಲೆ ಹಾಕಿದೆ.

"ಸ್ಟ್ಯಾಂಡು ಮಾತ್ರ ನಮ್ಮದೇ ಇದೆ," ಎಂದು ಹೊರಡುವಾಗ ಮೇಡಂ ಅವಸರದಿಂದ ಸೇರಿಸಿದರು.

ಮೇಲಿನ ಹಲಗೆಗಳಲ್ಲಿ ಇನ್ನೂ ಕೂಜೆಗಳಿದ್ದರೂ ಹೂಜಿಯ ಗಂಡಾಂತರ ಕಳೆಯಿತೆಂದು ನಾನು ಧೈರ್ಯ ತಂದುಕೊಂಡೆ. "ಲೇ, ಹಿಂದೆ ಎರಡು ಇಟ್ಟಿಗೆ ಇದ್ದಾವಲ್ಲ, ತಂದು ಇಲ್ಲಿಡು. ನಾನು ಏಳ್ತೀನಿ."

"ಕಿಟಕೀಲಿ ಇಟ್ಟಿಗೆ ಚೆನ್ನಾಗಿ ಕಾಣಲ್ಲ."

"ನಾನು ಚೆನ್ನಾಗಿ ಕಾಣ್ತೀನಾ?"

"ಇಲ್ಲ. ಆದ್ರೆ ಇಟ್ಟಿಗೆ ನೋಡೋಕೆ ಜನ ಸೇರಲ್ಲ."

ನಿಜ, ಗಾಜಿನಾಚೆ ನಗುತ್ತಿದ್ದವರು ಒಬ್ಬೊಬ್ಬರಾಗಿ ಒಳಗೆ ಬರುತ್ತಿದ್ದರು, ಬಂದವರು ಬರಿಗೈಯಲ್ಲಿ ಹೋಗುತ್ತಿರಲಿಲ್ಲ. ಅತ್ತೆ ಬಟ್ಟೆ ತಂದು ಸ್ಟ್ಯಾಂಡಿನ ಧೂಳು ಒರೆಸಲು ನಿಂತರು, ಮೇಲಿನ ಹಲಗೆಯಿಂದ ಆರಂಭಿಸಿ ಕೊನೆಗೆ ನನ್ನ ತಲೆಯನ್ನೂ ಒರೆಸಿದರು. "ಅಳಿಯಂದ್ರು ಮಾಡಿದ್ರಲ್ಲಿ ಬೀಳದೇ ಇದ್ದದ್ದು ಇದೊಂದೇ," ಎಂದು ಮೆಚ್ಚಿಕೊಂಡರು.

ಕಾಲು ಜೋಮು ಹಿಡಿಯಿತು, ಹೊಟ್ಟೆ ಹಸಿಯಿತು. ನನ್ನ ಊಟದ ಡಬ್ಬಿ ಅತ್ತ ಮೇಜಿನ ಮೇಲೆ ಕೂತು ನನ್ನನ್ನೇ ನೋಡುತ್ತಿತ್ತು. ತಡೆಯಲಾರದೆ ಕೇಳಿಯೇಬಿಟ್ಟೆ. "ಇನ್ನೂ ಎಷ್ಟು ಹೊತ್ತು ಮಾರಾಯ್ತಿ? ನನ್ನನ್ನು ಯಾವಾಗ ಇಳಿಸ್ತೀಯಾ?"

ಅವಳು ಎರಡನೇ ಸಾಲಿನ ಒಂದು ಕೂಜೆಯನ್ನು ಗಿರಾಕಿಗೆ ಸುತ್ತಿಕೊಡುತ್ತಾ, ತಲೆಯೆತ್ತದೆ ಹೇಳಿದಳು.

"ಖಾಲಿ ಮಾಡೋವಾಗ ಯಾವಾಗಲೂ ಮೇಲಿನಿಂದ ಅಂತ ನೀವೇ ತಾನೇ ಹೇಳಿದ್ದು? ಕೆಳಗಿನ ಹಲಗೆಯ ಸರದಿ ಕೊನೆಗೆ."