ಒಂದೇ ಮನೆತನದ ಹುಳುಗಳು

ಮನೆಯಲ್ಲಿ ಪಾಠ ಮಾಡಬಾರದು. ಕಾಲೇಜಿನಲ್ಲಿ ಯಾರೂ ಕೇಳಿಸಿಕೊಳ್ಳುವುದಿಲ್ಲವಾದ್ದರಿಂದ ಅಪಾಯವಿಲ್ಲ. ಮನೆಯಲ್ಲಿ ಯಾರಾದರೊಬ್ಬರು ಕೇಳಿಸಿಕೊಂಡುಬಿಡುತ್ತಾರೆ. ನಾನು ಸಿಂಧನೂರಿನಲ್ಲಿ ಪ್ರಾಣಿಶಾಸ್ತ್ರ ಕಲಿಸುವವನು. ನನ್ನ ಹುಚ್ಚು ಲೇಸ್‌ವಿಂಗ್ ಎಂಬ ಹಸಿರು ಕೀಟ. ಬಲೆಯಂಥ ರೆಕ್ಕೆ, ದಾರದಂಥ ಮೀಸೆ, ನೋಡಲು ಬಹಳ ಸಾಧು. ಮರಳಿನಲ್ಲಿ ಕುಣಿ ತೋಡಿ ಇರುವೆ ಹಿಡಿಯುವ ಕುಣಿಹುಳು ಇದರ ದಾಯಾದಿ. ಬೆಳೆದ ಮೇಲೆ ಒಂದರ ಮೀಸೆ ಉದ್ದ, ಇನ್ನೊಂದರದು ಗಿಡ್ಡ. ಮರಿಯಾಗಿದ್ದಾಗ ಮಾತ್ರ ಎರಡಕ್ಕೂ ಕುಡುಗೋಲಿನಂಥ ಅದೇ ಟೊಳ್ಳು ದವಡೆ. ಚುಚ್ಚುವುದು, ರಸ ಹೀರುವುದು. ರೆಕ್ಕೆ ನೋಡಿ ಮೋಸಹೋಗಬೇಡಿ, ಸಂಬಂಧ ಇರುವುದು ದವಡೆಯಲ್ಲಿ ಎಂದು ಲಿಂಗಸುಗೂರಿನ ವಿಚಾರಸಂಕಿರಣದಲ್ಲಿ ಜೀವಂತ ಮರಿಗಳನ್ನಿಟ್ಟೇ ತೋರಿಸುವ ಹಟ ನನ್ನದು.

ನಮ್ಮೂರಿನ ಎರೆಮಣ್ಣಿನಲ್ಲಿ ಕುಣಿಹುಳುವಿನ ಆಟ ನಡೆಯುವುದಿಲ್ಲ. ಹಾಗಾಗಿ ಮಸ್ಕಿಯ ಹಳ್ಳದ ಮರಳು ತಂದು, ತೊಳೆದು ಒಣಗಿಸಿ, ಅಗಲವಾದ ಬುಟ್ಟಿಯಲ್ಲಿ ಕುಣಿಹುಳುಗಳನ್ನು ಸಾಕಿದ್ದೆ. ಲೇಸ್‌ವಿಂಗ್ ಮರಿಗಳಿಗೆ ಒಂದೊಂದಕ್ಕೂ ಬೇರೆ ಸೀಸೆ. ಅಷ್ಟರಲ್ಲಿ ಮಸ್ಕಿಯಿಂದಲೇ ಅತ್ತೆಯವರೂ ಬಂದರು. ಅವರು ಅಳಿಯನ ಎದುರು ನಿಂತು ಮಾತಾಡುವವರಲ್ಲ. ತಲೆ ತುಂಬ ಸೆರಗು ಹೊದ್ದು, ಬಾಗಿಲ ಮರೆಯಿಂದ ಮಗಳಿಗೆ ಹೇಳುತ್ತಾರೆ. ಬದನೆಕಾಯಿ ಹೆಚ್ಚುತ್ತಿದ್ದ ಹೆಂಡತಿಗೆ ನಾನು ಬುಟ್ಟಿ, ಸೀಸೆಗಳನ್ನು ತೋರಿಸಿ, "ಇವೆಲ್ಲಾ ಒಂದೇ ಮನಿತನದಾವು ನೋಡು," ಎಂದು ಪಾಠ ಬಿಗಿದೆ. ಅವಳು ಹೂಂಗುಟ್ಟಿದಳು. ಕೇಳಿಸಿಕೊಂಡವರು ಅತ್ತೆ.

ಮರುದಿನ ಕಾಲೇಜಿನಿಂದ ಬಂದರೆ ಮನೆತುಂಬ ಹುರಿದ ಶೇಂಗಾದ ಘಮಘಮ. ಬುಟ್ಟಿ ಖಾಲಿ. ನನ್ನ ಮರಳು ಒಲೆಯ ಮೇಲಿನ ಬಾಣಲೆಯಲ್ಲಿತ್ತು. "ನನ್ನ ಹುಳ ಎಲ್ಲಿ?" ಎಂದು ಹೆಂಡತಿಯ ಮೇಲೆ ಕೂಗಿದೆ.

ಬಾಗಿಲ ಮರೆಯಿಂದ ಉತ್ತರ ಬಂತು: "ಹೇಳವ್ವಾ ನಿಮ್ಮನಿಯವ್ರಿಗೆ, ಹುಳ ಜ್ವಾಕಿಲೆ ಆರಿಸಿ ಡಬ್ಬ್ಯಾಗ ಹಾಕೀನಿ. ಸೀಸ್ಯಾಗಿನವ್ನೂ ಅದರಾಗ ಬಿಟ್ಟೀನಿ. ಒಂದ ಮನಿತನದಾವಂತಲ್ಲ, ಬ್ಯಾರೆ ಬ್ಯಾರೆ ಯಾಕಿರಬೇಕು ಪಾಪ!"

ಡಬ್ಬಿ ತೆರೆದೆ. ಹೊಟ್ಟೆ ಉಬ್ಬಿದ ಕುಣಿಹುಳು ಒಂದೇ ಒಂದು. ಉಳಿದವು ಬರೀ ತೊಗಲು. ನನಗೆ ಅಳು ಬರುವುದೊಂದು ಬಾಕಿ. "ಒಂದನ್ನೊಂದು ತಿಂದಾವಲ್ಲೇ! ನಾಳೆ ಲಿಂಗಸುಗೂರಾಗ ಏನ್ ತೋರಸ್ಲಿ?"

"ತಿಂದಾವಂದ್ರ ಖರೇನ ಅಣ್ಣತಮ್ಮಂದಿರ ಬಿಡವ್ವಾ," ಎಂದರು ಅತ್ತೆ, ಸಮಾಧಾನವಾಗಿ. "ಇನ್ನೇನ್ ಸಾಕ್ಷಿ ಬೇಕು? ಜವಳಗೇರಾದ ಹೊಲದ ಬದುವಿಗೆ ನಿಮ್ಮನಿಯವ್ರೂ ಅವರಣ್ಣನೂ ಬಡದಾಡಿದ್ದು ಮರತಿಯೇನು?"

ಹೆಂಡತಿ ನನ್ನ ಮುಖ ನೋಡದೆ ಶೇಂಗಾದ ತಟ್ಟೆ ಮುಂದಿಟ್ಟಳು. ಹದವಾಗಿ ಹುರಿದಿದ್ದವು, ತಿಂದೆ.

ಲಿಂಗಸುಗೂರಿನಲ್ಲಿ ಆ ಒಂದೇ ಹುಳುವನ್ನು ಮುಂದಿಟ್ಟು, ಡಬ್ಬಿಯ ಕಥೆ ಹೇಳಿದೆ. ವರ್ಗೀಕರಣವನ್ನು ಎಲ್ಲರೂ ನಗುತ್ತಲೇ ಒಪ್ಪಿದರು. ಜವಳಗೇರಾದ ಪುರಾವೆಯನ್ನು ಮಾತ್ರ ನಾನು ಮಂಡಿಸಲಿಲ್ಲ.