ಆಕಾಶದ ಪೋಡಿಯೂ ಪಕ್ಕದ ಮನೆಯ ಮೋಟರೂ

ಮೂವತ್ನಾಲ್ಕು ವರ್ಷ ಭೂಮಿ ಅಳೆದವನು ನಾನು! ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ಈ ನಾಲ್ಕು ತಾಲ್ಲೂಕುಗಳಲ್ಲಿ ಸರ್ವೆ ಪರ್ವತಯ್ಯ ಸರಪಳಿ ಎಳೆಯದ ಹೊಲವಿಲ್ಲ, ಕಲ್ಲು ನೆಡಿಸದ ಬದುವಿಲ್ಲ. ಅಣ್ಣತಮ್ಮಂದಿರು ತೋಳೇರಿಸಿ ನಿಂತ ಕಡೆಯಲ್ಲೂ ನಕ್ಷೆ ಬಿಡಿಸಿ, ಪೋಡಿ ಮಾಡಿ, ಅವರವರ ತುಂಡು ಅವರವರಿಗೆ ತೋರಿಸಿ ಬಂದವನು. ನಿವೃತ್ತನಾಗಿ ಶಿರಾದಲ್ಲಿ ಮನೆ ಕಟ್ಟಿಕೊಂಡು ಕೂತ ಮೇಲೆ ನೋಡುತ್ತೇನೆ, ಅಳೆಯುವುದಕ್ಕೆ ಏನೂ ಉಳಿದಿಲ್ಲ. ಆಕಾಶ ಒಂದನ್ನು ಬಿಟ್ಟು!

ಆಕಾಶಕ್ಕೂ ಪೋಡಿ ಆಗಿದೆ ಎಂಬುದು ಮೊಬೈಲಿನಲ್ಲಿ ಒಂದು ವಿಡಿಯೊ ನೋಡಿದ ದಿನ ನನಗೆ ತಿಳಿಯಿತು. ಅಂದಿನಿಂದ ನನಗೆ ನೆಲ ಬೇಡವಾಯಿತು. ಸಂಜೆಯಾದರೆ ತಾರಸಿಯ ಮೇಲೆ ಮಲಗಿ ಮೇಲೆ ನೋಡುತ್ತಿದ್ದೆ. ಎಂಬತ್ತೆಂಟರಿಂದ ನೂರೆಂಟು ಮೆಗಾಹರ್ಟ್ಸ್ ಎಫ್‌ಎಂ ರೇಡಿಯೊದವರದು. ಅಲ್ಲಿಂದ ಆಚೆಗೆ ವಿಮಾನದವರ ಜಮೀನು. ಪೊಲೀಸರಿಗೆ ಒಂದು ತುಂಡು, ಹವಾಮಾನದವರಿಗೆ ಒಂದು ತುಂಡು, ಮೊಬೈಲ್ ಕಂಪನಿಗಳು ಹರಾಜಿನಲ್ಲಿ ಹಿಡಿದುಕೊಂಡ ದೊಡ್ಡ ದೊಡ್ಡ ಪಟ್ಟಿಗಳು ಮೇಲೆಲ್ಲೋ. ಕಲ್ಲಿಲ್ಲ, ಬೇಲಿಯಿಲ್ಲ, ಆದರೂ ಒಬ್ಬರ ಪಟ್ಟಿಯಲ್ಲಿ ಇನ್ನೊಬ್ಬರು ಕಾಲಿಡುವುದಿಲ್ಲ! ಅಷ್ಟೂ ಜನರ ಮಾತು, ಹಾಡು, ಅಳು, ಮದುವೆಯ ಕರೆ, ಎಲ್ಲ ಸದ್ದಿಲ್ಲದೆ ನನ್ನ ಪಕ್ಕೆಲುಬಿನ ನಡುವೆ ನುಸುಳಿ ಹೋಗುತ್ತಿದೆ ಎಂದುಕೊಂಡರೆ ಮೈ ಹಗುರಾಗುತ್ತಿತ್ತು. ಕೆಂಪಗಾದ ಮೋಡಗಳು ಕಳ್ಳಂಬೆಳ್ಳದ ಕಡೆಗೆ ತೇಲುತ್ತಿದ್ದವು. ನಾನೂ ಅವುಗಳ ಜೊತೆ ಅರ್ಧ ಫರ್ಲಾಂಗು ತೇಲಿ ಬರುತ್ತಿದ್ದೆ.

"ರೀ!" ಕೆಳಗಿನಿಂದ ನನ್ನ ಹೆಂಡತಿ ರಾಜಲಕ್ಷ್ಮಮ್ಮನ ಕೂಗು. "ಹಾಲ್ನೋನು ಬಾಗ್ಲು ಬಡ್ದು ಬಡ್ದು ಹೊಂಟೋದ! ಬೆಲ್ಲು ಕೆಟ್ಟು ಮೂರು ತಿಂಗ್ಳಾಯ್ತು!"

"ರಾಜಲಕ್ಷ್ಮೀ, ಈಗಷ್ಟೇ ನನ್ನ ಎದೆಯೊಳ್ಗೆ ಒಂದು ಹಾಡು ಹಾದೋಯ್ತು, ಗೊತ್ತಾ?"

"ಹಾದೋಗ್ಲಿ ಬುಡಿ. ಹಾಲು ಮಾತ್ರ ಬರ್ಲಿಲ್ಲ!"

ಆಗಲೇ ನಾನು ಶಪಥ ಮಾಡಿದ್ದು. "ನಾಳೆಯಿಂದ ಈ ಮನೇಲಿ ತಂತಿ ಬೆಲ್ ಇಲ್ಲ! ಗಾಳೀಲಿ ಹೋಗೋ ಬೆಲ್! ಆಕಾಶದಲ್ಲಿ ನಮಗೂ ಒಂದು ಖಾತೆ!"

ಮರುದಿನ ಬಸ್ ನಿಲ್ದಾಣದ ಪಕ್ಕದ ಅಂಗಡಿಯಿಂದ ತಂದೆ. ಗೇಟಿಗೆ ಅಂಟಿಸಲು ಒಂದು ಗುಂಡಿ, ನಡುಮನೆಯ ಗೋಡೆಗೆ ಒಂದು ಬಿಳಿ ಡಬ್ಬಿ. ಗುಂಡಿ ಒತ್ತಿದರೆ ಡಬ್ಬಿ ಕೋಗಿಲೆಯಂತೆ ಕೂಗುತ್ತಿತ್ತು. ಬೆನ್ನ ಮೇಲೆ ೪೩೩ ಮೆಗಾಹರ್ಟ್ಸ್ ಎಂದು ಅಚ್ಚಾಗಿತ್ತು. "ನೋಡ್ಕೊ, ಇದು ನಮ್ಮ ಸರ್ವೆ ನಂಬರು!" ಎಂದೆ. ಬೀದಿಯಲ್ಲಿ ಸಿಕ್ಕವರಿಗೆಲ್ಲ ಹೇಳಿದೆ. ಪಕ್ಕದ ಮನೆಯ ಮುಕ್ತಾರ್ ಸಾಬರಿಗಂತೂ ಎರಡು ಸಲ ಹೇಳಿದೆ.

ಮುಕ್ತಾರ್ ಸಾಬರದು ಹಾಸಿಗೆ ಅಂಗಡಿ. ನಮ್ಮ ತಾರಸಿಗೂ ಅವರ ತಾರಸಿಗೂ ನಡುವೆ ಮೊಳಕಾಲೆತ್ತರದ ಗೋಡೆ. ಅವರ ಹೆಂಡತಿ ಜೈನಾಬಿಗೂ ರಾಜಲಕ್ಷ್ಮಿಗೂ ಆ ಗೋಡೆಯ ಮೇಲೆ ಹನ್ನೆರಡು ವರ್ಷದ ಸ್ನೇಹ. ಮಗ ಸುಹೇಲ್‌ಗೆ ಆರು ತಿಂಗಳ ಹಿಂದೆ ಮದುವೆಯಾಗಿ ಖುಷ್ನುಮಾ ಎಂಬ ಸೊಸೆ ಬಂದಿದ್ದಳು. ತುಮಕೂರಿನಲ್ಲಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಓದಿದ ಹುಡುಗಿ. ಮಾತು ಕಡಿಮೆ, ಕಣ್ಣು ಚುರುಕು.

ಬೆಲ್ ಹಾಕಿದ ಮೂರನೆಯ ದಿನ ಬೆಳಿಗ್ಗೆ ಆರೂವರೆಗೆ ಕೋಗಿಲೆ ಕೂಗಿತು. ಹೋಗಿ ನೋಡಿದರೆ ಗೇಟಿನಲ್ಲಿ ಯಾರೂ ಇಲ್ಲ! ಕಾಲು ಗಂಟೆಯ ಮೇಲೆ ಮತ್ತೆ ಕೂಗಿತು. ಆಗಲೂ ಯಾರೂ ಇಲ್ಲ! ಮರುದಿನವೂ ಹಾಗೇ. ಬೇರೆಯವರಾಗಿದ್ದರೆ ಹೆದರುತ್ತಿದ್ದರು. ನಾನು ಸರ್ವೇಯರ್. ನೋಟ್‌ಬುಕ್ ತೆಗೆದು ಗಂಟೆ, ನಿಮಿಷ ಬರೆದಿಟ್ಟೆ. ತಾರಸಿಗೆ ಹೋಗಿ ಆಕಾಶ ನೋಡಿದೆ. ದೂರದಲ್ಲಿ ಬೆಂಗಳೂರಿನ ಕಡೆಗೆ ಬೆಳ್ಳಿಯ ಚುಕ್ಕೆಯೊಂದು ಇಳಿಯುತ್ತಿತ್ತು. ಎಲ್ಲ ಹೊಳೆಯಿತು!

"ರಾಜಲಕ್ಷ್ಮೀ! ಒತ್ತುವರಿ! ವಿಮಾನದೋರು ನಮ್ಮ ನಂಬರೊಳಕ್ಕೆ ಬದು ಒತ್ತವ್ರೆ!"

"ವಿಮಾನ ಬಂದು ನಮ್ಮನೆ ಬೆಲ್ ಒತ್ತುತ್ತಾ? ಯಾರ್ಗಾದ್ರೂ ಹೇಳೀರ, ನಗ್ತಾರೆ!"

ಹೇಳದೆ ಇರುತ್ತೇನೆಯೇ! "ಆಕಾಶ ಸರ್ವೆ ನಂ. ೪೩೩ರಲ್ಲಿ ಒತ್ತುವರಿ ತೆರವುಗೊಳಿಸುವ ಕುರಿತು" ಎಂದು ದಿಲ್ಲಿಗೆ ಅರ್ಜಿ ಬರೆದು ಮುಕ್ತಾರ್ ಸಾಬರ ಅಂಗಡಿಯಲ್ಲಿ ಗಟ್ಟಿಯಾಗಿ ಓದಿದೆ. ಗಿರಾಕಿಗಳೂ ಕೇಳಿದರು. ಮುಕ್ತಾರ್ ತಲೆದೂಗಿ, "ವಾಹ್ ಪರ್ವತಣ್ಣ! ಆದ್ರೆ ವಿಮಾನಕ್ಕೆ ನೋಟಿಸ್ ಅಂಟಿಸೋದು ಹೆಂಗೆ?" ಎಂದರು.

ಇತ್ತ ಪಕ್ಕದ ಮನೆಯಲ್ಲಿ ಬೇರೆಯೇ ಗಲಾಟೆ ಶುರುವಾಗಿತ್ತು. ಮೇಲಿನ ತೊಟ್ಟಿ ತುಂಬಿ ತುಂಬಿ ಸುರಿಯುತ್ತಿತ್ತು. ನಾಲ್ಕು ದಿನಕ್ಕೊಮ್ಮೆ ನಲ್ಲಿ ಬರುವ ಊರು. ತಾರಸಿಯಿಂದ ನೀರು ಬೀದಿಗೆ ಹರಿದರೆ ಯಾರಿಗಾದರೂ ಹೊಟ್ಟೆ ಉರಿಯುತ್ತದೆ. ಜೈನಾಬಿಯ ದನಿ ಗೋಡೆ ದಾಟಿ ಬರುತ್ತಿತ್ತು.

"ಖುಷ್ನುಮಾ! ಮೋಟರ್ ಹಾಕಿದ್ರೆ ಆರಿಸ್ಬೇಕು ಅಂತ ನಿಮ್ಮಮ್ಮಿ ಹೇಳ್ಕೊಟ್ಟಿಲ್ವಾ?"

"ಅಮ್ಮೀ, ಕಸಮ್, ನಾನು ಹಾಕೇ ಇಲ್ಲ!"

"ನೀನು ಹಾಕಿಲ್ಲ, ನಾನು ಹಾಕಿಲ್ಲ. ಹಂಗಾದ್ರೆ ಜಿನ್ ಬಂದು ಹಾಕ್ತಾ?"

ಎರಡು ದಿನ ಇದೇ ಮಾತು. ಗೋಡೆಯಾಚೆ ಆ ಹುಡುಗಿಯ ದನಿ ದಿನದಿನಕ್ಕೆ ಸಣ್ಣದಾಗುತ್ತಿತ್ತು. ರಾಜಲಕ್ಷ್ಮಿ ನನ್ನ ಹತ್ತಿರ, "ಪಾಪ, ಅಂಥಾ ಮಗಿ ಅಲ್ಲ ಕಣ್ರಿ ಅದು. ಇನ್ನೂ ಒಂದು ಸಲ ಇಂಗಾದ್ರೆ ಫೋನು ಗೀನು ಮಾಡಿ ತೌರ್ನೋರನ್ನ ಕರುಸ್ತೀನಿ ಅಂತಾವ್ಳೆ ಜೈನಾಬಿ" ಎಂದಳು.

ಗುರುವಾರ ಸಂಜೆ ಎಂದಿನಂತೆ ತಾರಸಿಯ ಮೇಲೆ ಮಲಗಿದ್ದೆ. ಗಾಳಿ ನಿಂತಿತ್ತು. ಹಕ್ಕಿಗಳ ಒಂದು ಸಾಲು ಯಾವ ಪಟ್ಟಿಯ ಹಂಗೂ ಇಲ್ಲದೆ ಎಲ್ಲ ಪಟ್ಟಿಗಳನ್ನೂ ದಾಟಿಕೊಂಡು ಹೋಯಿತು. ಕಣ್ಣು ಅರ್ಧ ಮುಚ್ಚಿತ್ತು. ಕೆಳಗೆ ನಮ್ಮ ಕೋಗಿಲೆ ಕೂಗಿತು. ಅದೇ ಕ್ಷಣಕ್ಕೆ ಪಕ್ಕದ ಮನೆಯ ಮೋಟರು ಗುರ್ರ್ ಎಂದಿತು! ಹತ್ತು ನಿಮಿಷದ ಮೇಲೆ ಕೋಗಿಲೆ ಮತ್ತೆ ಕೂಗಿತು. ಮೋಟರು ಗಪ್‌ಚಿಪ್!

ಎದ್ದು ಕೂತೆ. ಜೈನಾಬಿಗೆ ಮಂಡಿ ನೋವೆಂದು ಸುಹೇಲ್ ಮೋಟರಿಗೆ ರಿಮೋಟ್ ಹಾಕಿಸಿದ್ದು ನೆನಪಾಯಿತು. ಒಮ್ಮೆ ಒತ್ತಿದರೆ ಶುರು, ಇನ್ನೊಮ್ಮೆ ಒತ್ತಿದರೆ ಬಂದ್. ಅವರು ಮೋಟರ್ ಹಾಕಿದರೆ ನಮ್ಮ ಬೆಲ್ಲು. ಹಾಗಾದರೆ ನಮ್ಮ ಬೆಲ್ ಒತ್ತಿದರೆ? ನಮ್ಮ ಗೇಟಿಗೆ ಬರುವವರಲ್ಲಿ ಅವಸರದವರು ಎರಡು ಸಲ ಒತ್ತುತ್ತಾರೆ, ಮೋಟರು ಶುರುವಾಗಿ ನಿಲ್ಲುತ್ತದೆ. ಸಭ್ಯರು ಒಂದೇ ಸಲ ಒತ್ತಿ ಕಾಯುತ್ತಾರೆ. ಸಭ್ಯರು ಬಂದ ದಿನವೆಲ್ಲ ಪ್ರವಾಹ!

ಆಗಲೇ ಗೋಡೆ ದಾಟಿ ಹೋಗಿ ಹೇಳಬೇಕಿತ್ತು. ಹೇಳಲಿಲ್ಲ. ದಿಲ್ಲಿಗೆ ಅರ್ಜಿ ಓದಿದ ಬಾಯಿ ಇದನ್ನು ಹೇಗೆ ಹೇಳುತ್ತದೆ? ನಾಳೆ ಸದ್ದಿಲ್ಲದೆ ಗುಂಡಿ ಕಿತ್ತು ಅಟ್ಟಕ್ಕೆ ಹಾಕಿದರಾಯಿತು ಎಂದುಕೊಂಡೆ.

ನಾಳೆ ಬಂತು. ನಾನು ಸ್ನಾನಕ್ಕೆ ಹೋದ ಹೊತ್ತಿಗೆ ಕೊರಿಯರ್‌ನವನೂ ಬಂದ. ಅವನಷ್ಟು ಸಭ್ಯ ಇನ್ನೊಬ್ಬನಿಲ್ಲ. ಒಂದೇ ಸಲ ಒತ್ತಿ, ಕಾದು, ಪೊಟ್ಟಣವನ್ನು ಗೇಟಿನೊಳಗಿಟ್ಟು ಹೋಗಿದ್ದ.

ನಾನು ತಲೆ ಒರೆಸಿಕೊಂಡು ತಾರಸಿಗೆ ಬಂದಾಗ ಪಕ್ಕದ ತಾರಸಿಯಲ್ಲಿ ಪಾದ ಮುಳುಗುವಷ್ಟು ನೀರು. ಕಳ್ಳಂಬೆಳ್ಳದ ಮದುವೆ ಮನೆಗೆಂದು ತುಂಬಿಸಿ ಬಿಸಿಲಿಗೆ ಹಾಕಿದ್ದ ಐದು ಹೊಸ ಹಾಸಿಗೆಗಳು ನೀರು ಕುಡಿದು ಎಮ್ಮೆಗಳಂತೆ ಮಲಗಿದ್ದವು. ಮುಕ್ತಾರ್ ತಲೆಯ ಮೇಲೆ ಕೈ ಹೊತ್ತು ನಿಂತಿದ್ದರು. ಬುಧವಾರ ಮದುವೆ! ಖುಷ್ನುಮಾ ಗೋಡೆಗೆ ಒರಗಿ ನಿಂತಿದ್ದಳು. ಈ ಸಲ ಅವಳು ಕಸಮ್ ಎಂದು ಆಣೆ ಹಾಕಲೂ ಇಲ್ಲ. ಸುಮ್ಮನೆ ಅಳುತ್ತಿದ್ದಳು.

"ಸುಹೇಲ್‌ಗೆ ಫೋನ್ ಮಾಡ್ರಿ. ಇವಳನ್ನ ತೌರಿಗೆ ಬಿಟ್ಟು ಬರ್ಲಿ, ನಾಕು ದಿನ ಇದ್ದು ಬುದ್ಧಿ ಕಲ್ತ್ಕೊಂಡು ಬರ್ಲಿ" ಎಂದರು ಜೈನಾಬಿ.

ಬಾಯಲ್ಲಿ ಹೇಳಿದರೆ ಯಾರು ನಂಬುತ್ತಾರೆ? ಅಷ್ಟರಲ್ಲಿ ಕೆಳಗೆ ಬೀದಿಯಲ್ಲಿ ಸೊಪ್ಪಿನ ದಾಸಮ್ಮನ ಬುಟ್ಟಿ ಕಾಣಿಸಿತು.

"ದಾಸಮ್ಮಾ! ನಮ್ಮ ಗೇಟಿನ ಬೆಲ್ ಒಂದು ಸಲ ಒತ್ತಮ್ಮಾ!"

"ಸೊಪ್ಪು ಬೇಕಂದ್ರೆ ಬಾಯಲ್ಲೇ ಹೇಳಿ ಸ್ವಾಮಿ! ಎದುರ್ಗೇ ನಿಂತಿವ್ನಿ, ಬೆಲ್ಲು ಯಾಕೆ?"

"ಒತ್ತು ತಾಯಿ!"

ದಾಸಮ್ಮ ಒತ್ತಿದಳು. ಮೋಟರು ಗುರ್ರ್ ಎಂದಿತು. ಜೈನಾಬಿ ತಮ್ಮ ಕೈಯಲ್ಲಿದ್ದ ರಿಮೋಟನ್ನೇ ನೋಡಿದರು.

"ಇನ್ನೊಂದು ಸಲ ಒತ್ತು!"

ಮೋಟರು ನಿಂತಿತು. ದಾಸಮ್ಮನಿಗೆ ಖುಷಿಯಾಗಿ, ಯಾರೂ ಹೇಳದಿದ್ದರೂ ಮೂರನೆಯ ಸಲ, ನಾಲ್ಕನೆಯ ಸಲ ಒತ್ತಿದಳು. ಗುರ್ರ್! ಗಪ್‌ಚಿಪ್!

"ಜೈನಾಬಮ್ಮ, ಮಗು ತಪ್ಪಿಲ್ಲ. ನನ್ನ ಬೆಲ್ಲಿಂದು" ಎಂದೆ. "ನೆನ್ನೆ ಸಂಜೇನೇ ಗೊತ್ತಾಯ್ತು. ಮರ್ಯಾದೆ ಹೋಗುತ್ತೆ ಅಂತ ಬಾಯಿ ಮುಚ್ಕೊಂಡೆ."

ಜೈನಾಬಿ ಸೊಸೆಯ ಹತ್ತಿರ ಹೋಗಿ ತಮ್ಮ ಸೆರಗಿನಿಂದ ಅವಳ ಮುಖ ಒರೆಸಿದರು. "ಮೋಟರಿಗೆ ರಿಮೋಟ್ ಹಾಕ್ಸಿದಾನೆ ನಿನ್ನ ಗಂಡ. ನನ್ನ ನಾಲಿಗೆಗೂ ಒಂದು ಹಾಕ್ಸು ಬೇಟಿ" ಎಂದರು. ಖುಷ್ನುಮಾ ಅಳುತ್ತಲೇ ನಕ್ಕುಬಿಟ್ಟಳು.

ಮುಕ್ತಾರ್ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಪರ್ವತಣ್ಣ, ಆಕಾಶ ಯಾರ್ದೋ ನಂಗೊತ್ತಿಲ್ಲ. ಹತ್ತಿ ನಂದು. ಬುಧವಾರದೊಳ್ಗೆ ಒಣಗ್ಬೇಕು."

ಅಂದು ಮಧ್ಯಾಹ್ನ ಖುಷ್ನುಮಾ ನಮ್ಮ ನಡುಮನೆಯಲ್ಲಿ ಕೂತು ಗುಂಡಿಯನ್ನೂ ಬಿಳಿ ಡಬ್ಬಿಯನ್ನೂ ಬಿಚ್ಚಿದಳು. ಎರಡರೊಳಗೂ ಎಂಟೆಂಟು ಪುಟ್ಟ ಚುಕ್ಕೆಗಳ ಸಾಲು.

"ಅಂಕಲ್, ವಿಮಾನದವರು ಇಲ್ಲಿಗೆ ಬರೋದೇ ಇಲ್ಲ. ಅವರ ನಂಬರು ಇದಕ್ಕಿಂತ ಬಹಳ ಕೆಳಗಿದೆ. ಈ ನಾನೂರ ಮೂವತ್ಮೂರರ ಹತ್ರ ಒಂದು ಚಿಕ್ಕ ಪಟ್ಟಿನ ಸರ್ಕಾರ ಯಾರಿಗೂ ಕೊಟ್ಟಿಲ್ಲ, ಎಲ್ಲರಿಗೂ ಬಿಟ್ಟಿದೆ. ಬೆಲ್ಲು, ರಿಮೋಟು, ಇಂಥಾ ಸಣ್ಣಪುಟ್ಟವಕ್ಕೆ ಲೈಸೆನ್ಸ್ ಬೇಡ."

"ಗೋಮಾಳ!" ಎಂದು ಕೂಗಿದೆ. "ಅದು ನಮ್ಮ ಖಾತೆ ಅಲ್ಲ, ಊರಿನ ಗೋಮಾಳ!"

"ಹ್ಞಾಂ, ಹಾಗೇ ಅನ್ಕೊಳ್ಳಿ. ಎಲ್ಲರ ದನಾನೂ ಅಲ್ಲೇ ಮೇಯುತ್ತೆ. ಅದಕ್ಕೆ ದನಕ್ಕೆ ಗುರುತು ಹಾಕ್ಬೇಕು. ಈ ಎಂಟು ಚುಕ್ಕೇಲಿ ಕೆಲವಕ್ಕೆ ಬೆಸುಗೆ ಹಾಕಿದ್ರೆ ಅದೇ ಗುರುತು. ನಿಮ್ಮದಕ್ಕೂ ಹಾಕಿಲ್ಲ, ನಮ್ಮದಕ್ಕೂ ಹಾಕಿಲ್ಲ."

ಗುಂಡಿಯಲ್ಲೂ ಡಬ್ಬಿಯಲ್ಲೂ ಅದೇ ಜಾಗಕ್ಕೆ ಮೂರು ಮೂರು ಹನಿ ಬೆಸುಗೆ. ಮೂರೇ ಹನಿ! ಮೂವತ್ನಾಲ್ಕು ವರ್ಷದ ಸರ್ವೆ ಅನುಭವವನ್ನು ಆರು ತಿಂಗಳ ಸೊಸೆ ಮೂರು ಹನಿ ಸೀಸದಲ್ಲಿ ಮುಗಿಸಿದಳು. ಅಲ್ಲಿಂದ ಮುಂದೆ ನಮ್ಮ ಬೆಲ್ಲು ನಮಗೆ, ಅವರ ಮೋಟರು ಅವರಿಗೆ.

ನನಗೆ ಹತ್ತಿ. ಐದು ಹಾಸಿಗೆಯ ಹತ್ತಿಯನ್ನು ಬಿಚ್ಚಿ ಎರಡೂ ತಾರಸಿಗಳ ಮೇಲೆ ಹರಡಿದೆವು. ಒಣಗಿದಂತೆ ಅದನ್ನು ಕೈಯಿಂದ ಹಿಂಜುತ್ತಾ ಕೂರುವುದು ನನ್ನ ಶಿಕ್ಷೆ. ಶಿಕ್ಷೆಯೆಂದು ಹೇಗೆ ಹೇಳಲಿ! ಸುತ್ತ ಬೆಳ್ಳಗೆ ಉಬ್ಬಿದ ಹತ್ತಿ, ಮೇಲೆ ಬೆಳ್ಳಗೆ ಉಬ್ಬಿದ ಮೋಡ. ಸೋಮವಾರದ ಹೊತ್ತಿಗೆ ಯಾವುದು ಕೆಳಗೆ, ಯಾವುದು ಮೇಲೆ ಎಂದು ತಿಳಿಯದಂತಾಗಿತ್ತು. ರಾಜಲಕ್ಷ್ಮಿ ಪಕ್ಕದ ಮನೆಯಲ್ಲಿ ಜೈನಾಬಿಯ ಜೊತೆ ಹಾಸಿಗೆ ಚೀಲ ಹೊಲಿಯುತ್ತಿದ್ದಳು. ನಾನೊಬ್ಬನೇ ಮೋಡದ ನಡುವೆ ಕೂತು ಹಿಂಜುತ್ತಿದ್ದೆ. ಕೆಳಗೆ ಕೋಗಿಲೆ ಕೂಗಿತು. ಪಾಪ, ಮೋಟರ್ ಹಾಕಿದ್ದಾರೆ ಎಂದುಕೊಂಡೆ. ಮತ್ತೆ ಕೂಗಿತು. ಆರಿಸಿದರು. ಮತ್ತೆ ಮೂರು ಸಲ ಕೂಗಿತು. ಈ ಮನೆಯವರಿಗೆ ಇವತ್ತು ನೀರಿನ ಖರ್ಚು ಜಾಸ್ತಿ ಎಂದುಕೊಂಡು ಇನ್ನೊಂದು ಹಿಡಿ ಹತ್ತಿ ಎತ್ತಿಕೊಂಡೆ.

ಅರ್ಧ ಗಂಟೆಯ ಮೇಲೆ ರಾಜಲಕ್ಷ್ಮಿ ಫೋನು ಹಿಡಿದು ಮೆಟ್ಟಿಲು ಹತ್ತಿ ಬಂದಳು.

"ರೀ! ಪಾವಗಡದಿಂದ ನನ್ನ ತಂಗಿ ಓಬಳಮ್ಮ ಬಂದಿದ್ಲಂತೆ! ಐದು ಸಲ ಬೆಲ್ ಒತ್ತಿದ್ಲಂತೆ! ಯಾರೂ ಇಲ್ಲ ಅಂತ ವಾಪಸ್ ಬಸ್ಸಲ್ಲಿ ಕೂತವ್ಳೆ! ಓಡ್ರಿ!"

ಓಡಿದೆ. ಚಪ್ಪಲಿಯಿಲ್ಲದೆ, ಕನ್ನಡಿ ನೋಡದೆ ಓಡಿದೆ. ಪಾವಗಡದ ಬಸ್ಸು ಹೊರಡಲು ಗುರುಗುಟ್ಟುತ್ತಿತ್ತು. ಹತ್ತಿ ನೋಡಿದರೆ ನಾದಿನಿ ಓಬಳಮ್ಮ ಕಡಲೆಕಾಯಿ ಚೀಲ ತಬ್ಬಿಕೊಂಡು ಕಿಟಕಿಯ ಪಕ್ಕ ಕೂತಿದ್ದಳು. ನನ್ನನ್ನು ಕಂಡವಳೇ ಬಾಯಿಯ ಮೇಲೆ ಕೈಯಿಟ್ಟು, ತೆಲುಗು ಬೆರೆತ ತನ್ನ ಪಾವಗಡದ ಮಾತಿನಲ್ಲಿ ಕೂಗಿದಳು.

"ಅಯ್ಯೋ ದೇವುಡಾ! ಏಂದಿ ಬಾವಾ ಇದಿ! ಯುಗಾದಿಗೆ ನೋಡಿದಾಗ ಚೆನ್ನಾಗಿದ್ರಲ್ಲ! ತಲೆ ಬೆಳ್ಳಗೆ, ಮೀಸೆ ಬೆಳ್ಳಗೆ, ಹುಬ್ಬೂ ಬೆಳ್ಳಗೆ ಆಗ್ಬುಟ್ಟೈತೆ! ಅದ್ಕೇ ಪಾಪಂ ಬೆಲ್ಲು ಕೇಳ್ಸಿಲ್ಲ ನಿಮ್ಗೆ!"

ಇಡೀ ಬಸ್ಸು ತಿರುಗಿ ನೋಡಿತು. ನಾನಾದರೂ ಏನು ಹೇಳಲಿ? ನಾನೂರ ಮೂವತ್ಮೂರರಿಂದ ಶುರು ಮಾಡಿ ಗೋಮಾಳ, ಬೆಸುಗೆ, ಹತ್ತಿ ಎಂದು ಹೇಳಿ ಮುಗಿಸುವಷ್ಟರಲ್ಲಿ ಬಸ್ಸು ಮಡಕಶಿರಾ ದಾಟಿರುತ್ತಿತ್ತು.

"ಹೌದು ಕಣಮ್ಮ. ಇತ್ತೀಚೆಗೆ ಕಿವಿ ಸ್ವಲ್ಪ ಮಂದ" ಎಂದು ಚೀಲ ಎತ್ತಿಕೊಂಡೆ.

ಅವಳು ಅದನ್ನು ನಂಬಿದಳು. ಆಟೊದಲ್ಲಿ ದಾರಿಯುದ್ದಕ್ಕೂ ನನ್ನ ಕಿವಿಗೆ ಬಾಯಿಟ್ಟು, "ಬಾವಾ! ಕಡ್ಲೇಕಾಯಿ ತಂದಿವ್ನೀ! ಮಗಳಿಗೆ ಗಂಡು ಗೊತ್ತಾಯ್ತೂ!" ಎಂದು ಕೂಗುತ್ತಾ ಬಂದಳು. ಆ ದನಿಗೆ ದಿಲ್ಲಿಯವರು ಯಾವ ಪಟ್ಟಿ ಹಂಚಿದ್ದಾರೋ ನನಗೆ ತಿಳಿಯದು. ಆಟೊ ನಮ್ಮ ಬೀದಿಗೆ ತಿರುಗುವ ಮೊದಲೇ ರಾಜಲಕ್ಷ್ಮಿ ಬಾಗಿಲು ತೆಗೆದು ನಿಂತಿದ್ದಳು.