ಸೆಕೆಂಡ್ ಗೇರ್ ಮೇಷ್ಟ್ರ ನೈಟ್ರಸ್

ಡ್ರೈವಿಂಗ್ ಶಾಲೆಯ ಮೇಷ್ಟ್ರನ್ನು ಊರೆಲ್ಲ ಸೆಕೆಂಡ್ ಗೇರ್ ಮೇಷ್ಟ್ರು ಎನ್ನುತ್ತಿತ್ತು. ಅದಕ್ಕೆ ಅವರಿಗೇನೂ ಬೇಸರವಿರಲಿಲ್ಲ. ಆದರೆ ಊಟಕ್ಕೆ ಕೂತಿದ್ದಾಗ ಕಾರ್ ರೇಸಿನ ಹುಚ್ಚಿನ ಭಾವಮೈದ, "ಭಾವ ಜೀವಮಾನದಲ್ಲಿ ಓವರ್‌ಟೇಕ್ ಮಾಡಿದ್ದು ಒಂದೇ ಬಸ್ಸು, ಅದೂ ನಿಂತಿತ್ತು" ಎಂದ. ಮಗಳು ಬಿದ್ದು ಬಿದ್ದು ನಕ್ಕಳು. ಆ ನಗು ಮೇಷ್ಟ್ರ ಎದೆಗೆ ನಾಟಿತು. ಮಗಳ ಕಣ್ಣಲ್ಲಿ ಒಮ್ಮೆಯಾದರೂ ದೊಡ್ಡವನಾಗಬೇಕೆಂದು, ಎರಡೆರಡು ಕಾರು ಅಕ್ಕಪಕ್ಕ ನೇರ ನುಗ್ಗುವ ಭಾನುವಾರದ ಡ್ರ್ಯಾಗ್ ರೇಸಿನಲ್ಲಿ ನಿನ್ನ ಪಕ್ಕದಲ್ಲೇ ಓಡಿಸಿ ಗೆಲ್ಲುತ್ತೇನೆ ಎಂದು ಭಾವಮೈದನಿಗೆ ಸವಾಲು ಹಾಕಿಬಿಟ್ಟರು.

ಕೈಯಲ್ಲಿದ್ದದ್ದು ಶಾಲೆಯ ಹಳೇ ಕಾರು. ಭಾನುವಾರ ಬೆಳಿಗ್ಗೆ ಮೆಕ್ಯಾನಿಕ್ ಅದರ ಡಿಕ್ಕಿಯಲ್ಲಿ ವೇಗ ಏರಿಸುವ ನೈಟ್ರಸ್ ಗ್ಯಾಸಿನ ಸಿಲಿಂಡರ್ ಕೂರಿಸಿ, ಇಂಜಿನ್ನಿಗೆ ಪೈಪು ಎಳೆದ. "ಆಕ್ಸಿಲರೇಟರ್ ಪೂರ್ತಿ ತಳಕ್ಕೆ ಒತ್ತಿದ್ರೆ ಮಾತ್ರ ಗ್ಯಾಸ್ ನುಗ್ಗುತ್ತೆ ಮೇಷ್ಟ್ರೇ. ಮುಕ್ಕಾಲು ಒತ್ತಿದ್ರೆ ಸಿಲಿಂಡರ್ ಬರೀ ಲಗೇಜು" ಎಂದ.

ತೊಂದರೆ ಅಲ್ಲೇ ಇತ್ತು. ಮೇಷ್ಟ್ರು ಹತ್ತೊಂಬತ್ತು ವರ್ಷ ಕೂತದ್ದು ಪಕ್ಕದ ಸೀಟಿನಲ್ಲಿ. ಅಲ್ಲಿರುವುದು ಕ್ಲಚ್ಚು ಮತ್ತು ಬ್ರೇಕು ಮಾತ್ರ. ಅವರ ಬಲಗಾಲಿಗೆ ಬರುತ್ತಿದ್ದ ವಿದ್ಯೆ ಒಂದೇ, ನಿಲ್ಲಿಸುವುದು. ಅಭ್ಯಾಸಕ್ಕೆಂದು ನಾಲ್ಕು ಸಲ ಓಡಿಸಿದರು. ನಾಲ್ಕು ಸಲವೂ ಕಾಲು ಅರ್ಧಕ್ಕೆ ಇಳಿದು, ತಣ್ಣೀರು ಮುಟ್ಟಿದ ಬೆಕ್ಕಿನ ಹಾಗೆ ಹಿಂದೆ ಬಂತು.

ಸಾಲದ್ದಕ್ಕೆ ಹೈಸ್ಕೂಲಿನ ನಿವೃತ್ತ ಹೆಡ್‌ಮೇಡಂ ಬೇರೆ ಗಂಟು ಬಿದ್ದರು. ಎಂಟು ತಿಂಗಳಿಂದ ಕಾರು ಕಲಿಯುತ್ತಿದ್ದ ಅವರು ಒಂದು ಕ್ಲಾಸೂ ತಪ್ಪಿಸಿದವರಲ್ಲ. ಇವತ್ತು ರಜೆ ಎಂದರೂ ಕೇಳದೆ ಕಾರು ಹತ್ತಿದರು. ಅವರಿಗೆ ಆಕ್ಸಿಲರೇಟರ್ ಗೊತ್ತಿದ್ದದ್ದು ಎರಡೇ ರೀತಿ: ಒತ್ತದಿರುವುದು, ಪೂರ್ತಿ ಒತ್ತುವುದು. ಉಳಿದದ್ದನ್ನೆಲ್ಲ ಮೇಷ್ಟ್ರ ಬ್ರೇಕು ನೋಡಿಕೊಳ್ಳುತ್ತಿತ್ತು.

ರೇಸಿನ ಮೈದಾನದಲ್ಲಿ ಅಧಿಕಾರಿ ಕಾರಿನೊಳಗೆ ಬಗ್ಗಿ ನೋಡಿದ. ಎರಡು ಕಡೆ ಪೆಡಲ್ ಇರುವ ಗಾಡಿಯಲ್ಲಿ ಎರಡೂ ಕಡೆ ಜನ ಇರಲೇಬೇಕು ಎಂದು ಪಟ್ಟು ಹಿಡಿದ. ಬೇರೆ ದಾರಿಯಿಲ್ಲದೆ ಹೆಡ್‌ಮೇಡಂಗೂ ಒಂದು ಹೆಲ್ಮೆಟ್ ಬಂತು.

ಹೆಸರು ಕೂಗಿದರು. ಆಚೆ ಕಾರಿನಲ್ಲಿ ಭಾವಮೈದ, ಬೇಲಿಯ ಬಳಿ ಮಗಳು. ಮೇಷ್ಟ್ರು ಸಾಲಿನಲ್ಲಿ ನಿಲ್ಲಿಸಿದ್ದ ಕಾರಿಗೆ ಓಡಿದರು. ಬಾಗಿಲು ತೆಗೆದು, ಕೂತು, ಬೆಲ್ಟ್ ಹಾಕಿಕೊಂಡು ಕಣ್ಣು ಬಿಟ್ಟು ನೋಡಿದರೆ ಎದುರಿಗೆ ಸ್ಟೀರಿಂಗೇ ಇಲ್ಲ. ಗಾಬರಿಯಲ್ಲಿ ಹತ್ತೊಂಬತ್ತು ವರ್ಷದ ತಮ್ಮ ಸೀಟಿಗೇ ಬಂದು ಕೂತಿದ್ದರು. ತಮ್ಮ ಜಾಗ ಖಾಲಿ ಇದ್ದುದನ್ನು ಕಂಡ ಹೆಡ್‌ಮೇಡಂ ಎಂದಿನಂತೆ ಅಲ್ಲಿ ಕೂತು, ಕನ್ನಡಿ ಸರಿಮಾಡಿಕೊಳ್ಳುತ್ತಿದ್ದರು.

ಇಳಿಯಬೇಕು ಎನ್ನುವಷ್ಟರಲ್ಲಿ ಹಸಿರು ದೀಪ ಹತ್ತಿತು. ಮೇಷ್ಟ್ರ ಬಾಯಿ ತಾನಾಗಿಯೇ, "ಕ್ಲಚ್ ಬಿಡಿ, ಆಕ್ಸಿಲರೇಟರ್ ಕೊಡಿ" ಎಂದಿತು.

ಹೆಡ್‌ಮೇಡಂ ಕೊಟ್ಟರು. ಪೂರ್ತಿ ಕೊಟ್ಟರು. ಸಿಲಿಂಡರ್ ಬುಸುಗುಟ್ಟಿತು, ಮೇಷ್ಟ್ರ ಬೆನ್ನು ಸೀಟಿಗೆ ಅಂಟಿತು. ಬಲಗಾಲು ಬ್ರೇಕಿನ ಕಡೆ ಹಾರಿತು. ಬೇಲಿಯ ಬಳಿ ಮಗಳು ಎರಡೂ ಕೈ ಎತ್ತಿ ಕುಣಿಯುತ್ತಿದ್ದಳು. ಮೇಷ್ಟ್ರು ಹಲ್ಲು ಕಚ್ಚಿ, ತಮ್ಮ ಕಾಲನ್ನು ತಾವೇ ಎರಡು ಕೈಯಲ್ಲಿ ಹಿಡಿದು ಮೇಲಕ್ಕೆತ್ತಿಕೊಂಡರು. ಗೆರೆ ದಾಟುವವರೆಗೂ ಬಿಡಲಿಲ್ಲ. ಭಾವಮೈದ ಎರಡು ಕಾರಿನಷ್ಟು ಹಿಂದೆ ಉಳಿದಿದ್ದ.

ಮಗಳು ಓಡಿ ಬಂದಳು. ಮೇಷ್ಟ್ರು ತೋಳು ಚಾಚಿದರು. ಅವಳು ಅವರನ್ನು ದಾಟಿ ಹೋಗಿ ಹೆಡ್‌ಮೇಡಂ ಅವರನ್ನು ತಬ್ಬಿಕೊಂಡಳು. ಹೆಡ್‌ಮೇಡಂ ಬಳಿ ಇದ್ದದ್ದು ಕಲಿಯುವವರ ಲೈಸೆನ್ಸ್ ಎಂದು ಅಧಿಕಾರಿ ಗೆಲುವನ್ನು ಭಾವಮೈದನಿಗೆ ಬರೆದ. ಅದನ್ನು ಯಾರೂ ತಲೆಗೆ ಹಚ್ಚಿಕೊಳ್ಳಲಿಲ್ಲ. ಭಾವಮೈದನೇ ಹೆಡ್‌ಮೇಡಂ ಪಕ್ಕ ನಿಂತು ಫೋಟೊ ತೆಗೆಸಿಕೊಂಡ.

ಸಿಲಿಂಡರ್ ಕಳಚಿಟ್ಟು ಮನೆಗೆ ಹೊರಟರು. ಕ್ಲಾಸು ಇನ್ನೂ ಮುಗಿದಿಲ್ಲವೆಂದು ಹೆಡ್‌ಮೇಡಂ ಸ್ಟೀರಿಂಗ್ ಬಿಡಲಿಲ್ಲ. ಹಿಂದಿನ ಸೀಟಿನಿಂದ ಮಗಳು, "ಅಪ್ಪಾ, ಮುಂದಿನ ತಿಂಗಳು ನಂಗೆ ಹದಿನೆಂಟು. ನಾನೂ ಕಾರು ಕಲೀತೀನಿ" ಎಂದಳು.

ಮೇಷ್ಟ್ರು ಹಿಂದಕ್ಕೆ ತಿರುಗಿದರು. "ದಿನಾ ಬೆಳಿಗ್ಗೆ ಆರಕ್ಕೆ ಎದ್ದು ಬಾ ಮಗಳೇ."

"ನಿನ್ ಹತ್ರ ಅಲ್ಲಪ್ಪ. ಮೇಡಂ ತಮಗೆ ಲೈಸೆನ್ಸ್ ಬಂದ್ಮೇಲೆ ಕಲಿಸ್ತಾರಂತೆ. ನೀನು ಪಕ್ಕದಲ್ಲಿ ಏನೂ ಮಾಡದೆ ಸುಮ್ನೆ ಕೂತಿದ್ದೆಯಂತೆ."

ಹಾಗೆ ಸುಮ್ಮನೆ ಕೂತದ್ದೇ ತಮ್ಮ ಜೀವಮಾನದ ಸಾಹಸ ಎಂದು ತಿಳಿಸಿ ಹೇಳಲು ಮೇಷ್ಟ್ರು ಬಾಯಿ ತೆರೆದರು. ಅಷ್ಟರಲ್ಲಿ ಹೆಡ್‌ಮೇಡಂ, "ಮೇಷ್ಟ್ರೇ, ಮುಂದೆ ತಿರುವಿದೆ, ಬ್ರೇಕ್ ನೋಡ್ಕೊಳ್ಳಿ" ಎಂದರು.

ಮೇಷ್ಟ್ರು ನೋಡಿಕೊಂಡರು.